ಮಂಗಳೂರು ನಗರ: ಬಿಡುವಿನ ಪ್ರವಾಸ ಕೈಗೊಳ್ಳುವವರಿಗೆ ಮಾಹಿತಿ

ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರಸ್ಥಾನವಾದ ಮಂಗಳೂರು, ನೇತ್ರಾವತಿ ಹಾಗೂ ಗುರುಪುರ (ಫಲ್ಗುಣಿ) ನದಿಗಳು ಅರಬ್ಬೀ ಸಮುದ್ರವನ್ನು ಸೇರುವೆಡೆ ಇರುತ್ತದೆ. ಬೆಂಗಳೂರಿನಿಂದ ಸುಮಾರು 350 ಕಿ.ಮೀ. ದೂರದಲ್ಲಿದ್ದು, ರಸ್ತೆ, ರೈಲು ಮತ್ತು ವಿಮಾನ ಸಂಪರ್ಕ ಹೊಂದಿರುತ್ತದೆ.

ಅವಸರವಿಲ್ಲದೆ ವೀಕ್ಷಿಸಲು ಎರಡು ದಿನಗಳು ಸಾಕಾಗುತ್ತವೆ.

ಮೊದಲನೆಯ ದಿನ: ಕದ್ರಿ ಶ್ರೀ ಮಂಜುನಾಥ ದೇವಸ್ಥಾನ. ಇಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವು ಕ್ರಿ.ಶ. 968ರ ಶಾಸನವನ್ನು ಹೊಂದಿದೆ. ಬಳಿಕ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ. ಇದರ ಗೋಡೆ ಹಾಗೂ ಚಾವಣಿಯ ವರ್ಣಚಿತ್ರಗಳನ್ನು ಇಟಲಿಯ ಅಂತೋನಿಯೊ ಮೊಸ್ಕೇನಿ ಅವರು ರಚಿಸಿರುತ್ತಾರೆ.

ಎರಡನೆಯ ದಿನ: ಗುರುಪುರ ನದಿಯ ದಡದಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಸುಲ್ತಾನ್ ಬತ್ತೇರಿ ಕಾವಲು ಗೋಪುರ. ಸಂಜೆ ಪಣಂಬೂರು ಅಥವಾ ತಣ್ಣೀರುಬಾವಿ ಕಡಲತೀರ. ಊಟೋಪಚಾರಕ್ಕೆ ನೀರುದೋಸೆ, ಗೋಳಿಬಜೆ, ಕೋರಿ ರೊಟ್ಟಿ ಇಲ್ಲಿನ ವಿಶೇಷ.

ಸೂಚನೆ: ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ಸೂಕ್ತವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯತಕ್ಕದ್ದಲ್ಲ. ಮೇಲ್ನೋಟಕ್ಕೆ ಶಾಂತವಾಗಿರುವ ನೀರಿನಲ್ಲಿಯೂ ಸೆಳೆತವಿರುವುದರಿಂದ ಈಜು ಬಲ್ಲವರಿಗೂ ಪ್ರಾಣಾಪಾಯವಿರುತ್ತದೆ. ಇದೇ ಅವಧಿಯಲ್ಲಿ ಶಿರಾಡಿ ಘಾಟಿಯಲ್ಲಿ ಭೂಕುಸಿತದಿಂದ ಸಂಚಾರ ಸ್ಥಗಿತಗೊಳ್ಳುವ ಸಂಭವವಿದ್ದು, ಹೊರಡುವ ಮುನ್ನ ರಸ್ತೆಯ ಸ್ಥಿತಿಯನ್ನು ವಿಚಾರಿಸಿಕೊಳ್ಳುವುದು. ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಲು ಕೋರಲಾಗಿದೆ.