ಸುಳ್ಳು ಹೇಳದ ದೆವ್ವ: 'ಪಹೇಲಿ' ಸಿನಿಮಾ ಮತ್ತು ಅದನ್ನು ಅಳೆದವರು

ಟಿವಿಯಲ್ಲಿ ಶಾರುಖ್ ಖಾನ್ ನಟಿಸಿದ 'ಪಹೇಲಿ' ಬಂದಿತ್ತು. ನಮ್ಮಜ್ಜಿ ಶೇಂಗಾ ಸುಲಿಯುತ್ತ ಕೂತಿದ್ದಳು. ಹಿಂದಿ ಅವಳಿಗೆ ಬರುವುದಿಲ್ಲ. ಅರ್ಧ ತಾಸು ಸುಮ್ಮನೆ ನೋಡಿ, "ಇದು ನಮ್ಮ ನಾಗಪ್ಪನ ಕಥಿ ಅಲ್ಲೇನೋ ತಮ್ಮಾ?" ಅಂದಳು.

ಹೌದಲ್ಲ ಅನ್ನಿಸಿತು. ಆಮೇಲೆ ಈ ಸಿನಿಮಾ ಎಲ್ಲಿಂದ ಬಂತು, ಬಲ್ಲವರು ಇದರ ಬಗ್ಗೆ ಏನಂದರು ಎಂದು ಹುಡುಕುತ್ತ ಹೋದೆ. ಸಿಕ್ಕಿದ್ದು ಒಂದೇ ದೆವ್ವದ ಎರಡು ಸಿನಿಮಾ, ಎರಡು ಕೊನೆ.

ಮೊದಲು ಕಥೆ. ರಾಜಸ್ಥಾನದ ಒಬ್ಬ ವ್ಯಾಪಾರಿಯ ಮಗ ಮದುವೆ ಮಾಡಿಕೊಂಡು ಊರಿಗೆ ಹೊರಟಿದ್ದಾನೆ. ದಾರಿಯಲ್ಲಿ ದಿಬ್ಬಣ ತಂಗಿದಾಗ ಒಂದು ದೆವ್ವ ಮದುಮಗಳನ್ನು ನೋಡಿ ಮನಸೋಲುತ್ತದೆ. ಮದುಮಗನಿಗೆ ಮಾತ್ರ ಮದುವೆ ಖರ್ಚಿನ ಲೆಕ್ಕದ್ದೇ ಚಿಂತೆ. ಮೊದಲ ರಾತ್ರಿಯೂ ಲೆಕ್ಕದ ಪುಸ್ತಕ. ಬೆಳಗಾದರೆ ಐದು ವರ್ಷದ ವ್ಯಾಪಾರಕ್ಕೆ ಪ್ರಯಾಣ. ಅವನು ಅತ್ತ ಹೋಗುತ್ತಲೇ ದೆವ್ವ ಅವನದೇ ರೂಪ ತೊಟ್ಟು ಮನೆಗೆ ಬರುತ್ತದೆ. ಮನೆಯವರೆಲ್ಲ ಮಗನೇ ಬಂದ ಎಂದು ನಂಬುತ್ತಾರೆ. ಆದರೆ ಮದುಮಗಳ ಮುಂದೆ ದೆವ್ವ ನಿಜ ಹೇಳಿಬಿಡುತ್ತದೆ: ನಾನು ನಿನ್ನ ಗಂಡನಲ್ಲ, ಇರಲೋ ಹೋಗಲೋ ನೀನೇ ಹೇಳು. ಅವಳು ಇರು ಅನ್ನುತ್ತಾಳೆ. ಕೆಲವು ವರ್ಷ ಸುಖವಾಗಿ ಕಳೆಯುತ್ತವೆ. ಅವಳು ಬಸುರಿಯಾಗುತ್ತಾಳೆ. ಆಗ ನಿಜವಾದ ಗಂಡ ವಾಪಸ್ ಬರುತ್ತಾನೆ.

ಈ ಕಥೆಯನ್ನು ಬರೆದವರು ವಿಜಯದಾನ್ ದೇಥಾ (1926-2013). ಜೋಧಪುರ ಜಿಲ್ಲೆಯ ಬೋರುಂದಾ ಎಂಬ ಹಳ್ಳಿಯವರು. ಊರಿನವರ ಬಾಯಲ್ಲಿದ್ದ ಕಥೆಗಳನ್ನು ಕೇಳಿ, ತಮ್ಮ ಕೈಯಿಂದ ಹೊಸದಾಗಿ ಹೆಣೆದು, ಹಿಂದಿಯಲ್ಲಲ್ಲ, ರಾಜಸ್ಥಾನಿಯಲ್ಲೇ ಬರೆದರು. 'ಬಾತಾಂ ರೀ ಫುಲವಾರಿ' ಎಂಬ ಹೆಸರಿನಲ್ಲಿ ಅವು 14 ಸಂಪುಟಗಳಾದವು. 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜಾನಪದ ವಿದ್ವಾಂಸ ಕೋಮಲ್ ಕೊಠಾರಿ ಜೊತೆ ಸೇರಿ ಬೋರುಂದಾದಲ್ಲೇ 'ರೂಪಾಯನ ಸಂಸ್ಥಾನ' ಕಟ್ಟಿದರು. ಹಳ್ಳಿ ಬಿಡದೆ ಹಳ್ಳಿಯ ಮಾತನ್ನು ದೇಶಕ್ಕೆ ಮುಟ್ಟಿಸಿದ ಮನುಷ್ಯ.

ದೆವ್ವದ ಕಥೆಗೆ ಅವರಿಟ್ಟ ಹೆಸರು 'ದುವಿಧಾ', ಅಂದರೆ ಇಬ್ಬಂದಿ, ಸಂದಿಗ್ಧ. 1973ರಲ್ಲಿ ಮಣಿ ಕೌಲ್ ಅದೇ ಹೆಸರಿನಲ್ಲಿ ಸಿನಿಮಾ ಮಾಡಿದರು. ಚಿತ್ರೀಕರಣವೂ ಬೋರುಂದಾದಲ್ಲೇ. ಕ್ಯಾಮೆರಾ ಹಿಡಿದವರು ನವರೋಜ್ ಕಾಂಟ್ರಾಕ್ಟರ್. ಮುಂದೆ ಅವರು ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. ಆ ಸಿನಿಮಾದಲ್ಲಿ ನಗು ಇಲ್ಲ, ಗದ್ದಲವಿಲ್ಲ. ನಟರು ಮಾತಾಡುವುದೇ ಕಡಿಮೆ. ಕಥೆಯನ್ನು ಹಿನ್ನೆಲೆಯ ದನಿ ಹೇಳುತ್ತದೆ. ಬಿಳಿ ಗೋಡೆ, ಕೆಂಪು ಸೆರಗು, ಕದಲದೆ ನಿಂತ ಮುಖಗಳು.

ಮಣಿ ಕೌಲ್‌ಗೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರ ಪ್ರಶಸ್ತಿ ಬಂತು. ಆದರೆ ಸತ್ಯಜಿತ್ ರಾಯ್ ಅವರಿಗೆ ಸಿನಿಮಾ ಹಿಡಿಸಲಿಲ್ಲ. ಆ ಕಾಲದ ಹೊಸ ಅಲೆಯ ಚಿತ್ರಗಳ ಬಗ್ಗೆ ಬರೆದ ಒಂದು ಲೇಖನದಲ್ಲಿ ಅವರು ಇದನ್ನು ಕಟುವಾಗಿಯೇ ಟೀಕಿಸಿದರು. ಅದೇ ಲೇಖನದಲ್ಲಿ ಅವರು ನೋಡಿದ ಇನ್ನೊಂದು ಸಿನಿಮಾ ನಮ್ಮ ಮೈಸೂರಿನ ಎಂ.ಎಸ್. ಸತ್ಯು ಅವರ 'ಗರಂ ಹವಾ'. ಒಂದೇ ಚಿತ್ರಕ್ಕೆ ಒಂದು ಕಡೆ ರಾಷ್ಟ್ರ ಪ್ರಶಸ್ತಿ, ಇನ್ನೊಂದು ಕಡೆ ದೇಶದ ದೊಡ್ಡ ನಿರ್ದೇಶಕನ ಅಸಮಾಧಾನ. ಊರ ಟಾಕೀಸುಗಳಲ್ಲಿ ಓಡುವಂಥ ಸಿನಿಮಾ ಅದಾಗಿರಲಿಲ್ಲ. ಹಾಗಾಗಿ ಯಾರ ಬಾಯಿಂದ ಕಥೆ ಬಂತೋ ಅಂಥವರ ಅಭಿಪ್ರಾಯ ಯಾವ ಪತ್ರಿಕೆಗೂ ಬೇಕಾಗಲಿಲ್ಲ.

32 ವರ್ಷ ಕಳೆದ ಮೇಲೆ, 2005ರ ಜೂನ್ 24ಕ್ಕೆ, ಅದೇ ದೆವ್ವ ಬಣ್ಣದ ರುಮಾಲು ಸುತ್ತಿಕೊಂಡು ತೆರೆಗೆ ಬಂತು. ನಿರ್ದೇಶಕ ಅಮೋಲ್ ಪಾಲೇಕರ್, ಚಿತ್ರಕಥೆ ಸಂಧ್ಯಾ ಗೋಖಲೆ. ಹಣ ಹಾಕಿದ್ದು ಶಾರುಖ್ ಖಾನ್ ಕಂಪನಿ. ಗಂಡನೂ ಅವರೇ, ದೆವ್ವವೂ ಅವರೇ. ಮದುಮಗಳು ಲಚ್ಚಿಯಾಗಿ ರಾಣಿ ಮುಖರ್ಜಿ. ಕುರಿ ಕಾಯುವವನಾಗಿ ಅಮಿತಾಭ್ ಬಚ್ಚನ್ ಬಂದು ಹೋಗುತ್ತಾರೆ. ಇಲ್ಲಿ ನಗುವಿಗೂ ಜಾಗ ಇದೆ. ನಡುನಡುವೆ ಎರಡು ಸೂತ್ರದ ಗೊಂಬೆಗಳು ಕಥೆಗೆ ಟೀಕೆ ಟಿಪ್ಪಣಿ ಸೇರಿಸುತ್ತವೆ. ಅವಕ್ಕೆ ದನಿ ಕೊಟ್ಟವರು ನಾಸಿರುದ್ದೀನ್ ಶಾ, ರತ್ನಾ ಪಾಠಕ್ ಶಾ ದಂಪತಿ. ಒಂಟೆ ಓಟದಲ್ಲಿ ದೆವ್ವ ತನ್ನ ಮಾಯೆ ತೋರಿಸುತ್ತದೆ.

ವಿಮರ್ಶಕರು ಎರಡು ಪಾಲಾದರು. ರವಿ ಕೆ. ಚಂದ್ರನ್ ಅವರ ಕ್ಯಾಮೆರಾ, ಬಣ್ಣ, ಎಂ.ಎಂ. ಕ್ರೀಮ್ ಸಂಗೀತವನ್ನು ಹೊಗಳಿದವರಿದ್ದರು. ದೊಡ್ಡ ನಟನೊಬ್ಬ ಇಂಥ ಜಾನಪದ ಕಥೆಗೆ ದುಡ್ಡು ಹಾಕಿದ್ದೇ ದೊಡ್ಡದು ಅಂದವರೂ ಇದ್ದರು. ಸಿಂಗಾರ ಜಾಸ್ತಿ, ಕಥೆ ನಿಧಾನ, ದೇಥಾ ಅವರ ಕಥೆಯ ಮೊನಚು ಇಲ್ಲ ಎಂಬ ಆಕ್ಷೇಪವೂ ಬಂತು. ನಮ್ಮ ದೇಶದಲ್ಲಿ ಅದು ಅಂದುಕೊಂಡಷ್ಟು ಓಡಲಿಲ್ಲ. ಆದರೂ ಆ ವರ್ಷ ಆಸ್ಕರ್‌ಗೆ ಭಾರತದಿಂದ ಹೋದದ್ದು 'ಪಹೇಲಿ'ಯೇ. ಆ ಆಯ್ಕೆಯ ಬಗ್ಗೆ ತಕರಾರು ಎದ್ದಿತು. ಅಂತಿಮ ಐದರ ಪಟ್ಟಿಯಲ್ಲಿ ಅದರ ಹೆಸರು ಬರಲಿಲ್ಲ. ಅದರ ಒಂದು ಹಾಡಿಗೆ ಶ್ರೇಯಾ ಘೋಷಾಲ್ ಅವರಿಗೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತು.

ಎರಡೂ ಚಿತ್ರಗಳ ನಿಜವಾದ ಅಂತರ ಇರುವುದು ಕೊನೆಯಲ್ಲಿ. ಇಬ್ಬರು ಗಂಡಂದಿರ ನ್ಯಾಯ ರಾಜನ ಬಳಿ ಹೊರಟಿರುತ್ತದೆ. ದಾರಿಯಲ್ಲಿ ಕುರಿಗಾಹಿ ಒಂದು ಪರೀಕ್ಷೆ ಇಡುತ್ತಾನೆ: ನಿಜವಾದ ಪ್ರೀತಿ ಇದ್ದವನು ಈ ನೀರಿನ ತೊಗಲಚೀಲದೊಳಗೆ ಹೊಕ್ಕು ತೋರಿಸಲಿ. ಪ್ರೀತಿ ಇದ್ದದ್ದು ದೆವ್ವಕ್ಕೆ. ಅದು ಹೊಕ್ಕಿತು, ಸಿಕ್ಕಿಬಿತ್ತು. 'ದುವಿಧಾ'ದಲ್ಲಿ ಕಥೆ ಅಲ್ಲಿಗೆ ಮುಗಿಯಿತು. ಹೆಣ್ಣು ತುಟಿ ಬಿಚ್ಚದೆ, ತನ್ನನ್ನು ಕೇಳದೆ ಹೋದ ಗಂಡನ ಜೊತೆಗೇ ಉಳಿದಳು. 'ಪಹೇಲಿ'ಯಲ್ಲಿ ದೆವ್ವ ಚೀಲದಿಂದ ತಪ್ಪಿಸಿಕೊಂಡು ಗಂಡನ ಮೈಯೊಳಗೇ ಸೇರಿಕೊಳ್ಳುತ್ತದೆ. ಎಲ್ಲ ಸುಖಾಂತ್ಯ. ಆದರೆ ಹೆಂಡತಿಯ ಒಪ್ಪಿಗೆ ಕೇಳಿ ಒಳಬಂದ ದೆವ್ವ, ಗಂಡನ ಮೈಗೆ ಹೊಕ್ಕಾಗ ಅವನನ್ನು ಕೇಳಲಿಲ್ಲ. ಆ ಗಂಡ ಏನಾದ ಎಂದು ಸಿನಿಮಾ ಹೇಳುವುದಿಲ್ಲ.

ಇನ್ನು ಅಜ್ಜಿಯ ನಾಗಪ್ಪ. ಗಿರೀಶ ಕಾರ್ನಾಡರು ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡದ ಜನಪದ ಕಥೆಗಳಿಂದ 'ನಾಗಮಂಡಲ' ನಾಟಕ ಬರೆದರು. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಸಿನಿಮಾ ಮಾಡಿದರು. ಪ್ರಕಾಶ್ ರೈ, ವಿಜಯಲಕ್ಷ್ಮಿ ನಟಿಸಿದರು. ಅಲ್ಲೂ ಹೆಂಡತಿಯನ್ನು ಲೆಕ್ಕಕ್ಕೇ ಇಡದ ಗಂಡ, ಅವನ ರೂಪದಲ್ಲಿ ರಾತ್ರಿ ಬರುವ ಪ್ರೇಮಿ. ಆದರೆ ನಾಗಪ್ಪ ತಾನು ಯಾರೆಂದು ರಾಣಿಗೆ ಹೇಳುವುದಿಲ್ಲ. ರಾಜಸ್ಥಾನದ ದೆವ್ವ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ತೂಕ ಆ ಒಂದು ಮಾತಿನಲ್ಲಿದೆ. ಬಣ್ಣ ಜಾಸ್ತಿಯಾಯಿತೋ, ಹಾಡು ಬೇಕಿತ್ತೋ ಎಂಬ ಚರ್ಚೆಯಲ್ಲಿ ಈ ಮಾತು ಹಿಂದೆ ಸರಿಯುತ್ತದೆ.

ನಮ್ಮಜ್ಜ ಮದುವೆಯಾದ ಎರಡನೇ ತಿಂಗಳಿಗೆ ಗೋವಾಕ್ಕೆ ದುಡಿಯಲು ಹೋದವನು, ನಾಲ್ಕು ವರ್ಷ ಬಿಟ್ಟು ಬಂದನಂತೆ. ಈಗಲೂ ನಮ್ಮ ಕಡೆ ಸುಗ್ಗಿ ಮುಗಿದರೆ ಗುಳೆ ಹೋಗುವುದು ತಪ್ಪಿಲ್ಲ. ಹೋಗುವವರ ಲೆಕ್ಕ, ಕಳಿಸುವ ದುಡ್ಡಿನ ಲೆಕ್ಕ ನಾನೂ ಸುದ್ದಿ ಮಾಡಿದ್ದೇನೆ. ಮನೆಯಲ್ಲಿ ಉಳಿದವಳನ್ನು ಏನಾದರೂ ಕೇಳಿದ್ದು ನೆನಪಿಲ್ಲ.

ಅವತ್ತು ದೆವ್ವ ಲಚ್ಚಿಯ ಮುಂದೆ ನಿಂತು ಏನು ಹೇಳುತ್ತಿದೆ ಎಂದು ಅಜ್ಜಿಗೆ ಕನ್ನಡದಲ್ಲಿ ಹೇಳಿದ್ದೆ. ಅವಳ ಕೈ ಶೇಂಗಾದ ಮೇಲೆ ಹಾಗೇ ನಿಂತಿತು.

"ದೆವ್ವ ಆದ್ರೂ ಒಂದ್ ಮಾತು ಕೇಳ್ತು ನೋಡು," ಅಂದಳು. ಸಿನಿಮಾ ಮುಗಿಯುವವರೆಗೂ ಮತ್ತೆ ಮಾತಾಡಲಿಲ್ಲ.