ಮನೆಗೊಂದು ಮಿತಿ: ಹಾವೇರಿ ಸೀಮೆಯ ಸಾಲದ ಚರಿತ್ರೆ ಮತ್ತು ಪರಿಗ್ರಹ ಪರಿಮಾಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯು ಗೃಹಸ್ಥನ ಬಾಳಿನ ಎರಡು ದೊಡ್ಡ ವೆಚ್ಚಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತದೆ. ಹಿರಿಯರ ಕಾಲದಲ್ಲಿ ಅನೇಕ ಮನೆತನಗಳಿಗೆ ಈ ಎರಡರ ನಡುವೆ ಉಸಿರಾಡಲು ಕೆಲವು ವರ್ಷಗಳಾದರೂ ದೊರೆಯುತ್ತಿದ್ದವು. 1981ರಿಂದ 1996ರವರೆಗಿನ ಅವಧಿಯಲ್ಲಿ ಹುಟ್ಟಿ ಇಂದು ಮೂವತ್ತು-ನಲವತ್ತರ ವಯಸ್ಸಿನಲ್ಲಿರುವ ತಲೆಮಾರಿಗೆ ಆ ಬಿಡುವು ಇಲ್ಲ. ಮದುವೆಯ ಖರ್ಚು, ಮಕ್ಕಳ ಶಾಲೆಯ ಶುಲ್ಕ, ವೃದ್ಧ ತಂದೆತಾಯಿಗಳ ಔಷಧೋಪಚಾರ, ಮನೆಯ ಸಾಲದ ಕಂತು ಇವೆಲ್ಲವೂ ಒಂದೇ ದಶಕದಲ್ಲಿ ಒಟ್ಟಾಗಿ ಬಾಗಿಲಿಗೆ ಬಂದು ನಿಂತಿವೆ. ಇದು ಬೆಂಗಳೂರು, ಮುಂಬಯಿಗಳ ಸಂಕಟ ಮಾತ್ರವೆಂದು ಭಾವಿಸುವುದು ಸರಿಯಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಂತಹ ಮಾರುಕಟ್ಟೆಯ ಊರುಗಳಲ್ಲಿ ಇದಕ್ಕೆ ಬೇರೆಯೇ ಒಂದು ಸ್ವರೂಪವಿದೆ. ಅದನ್ನು ಅರಿಯಬೇಕಾದರೆ ಈ ಸೀಮೆಯು ಸಾಲವನ್ನು ಹೇಗೆ ಕಂಡಿತು, ಅದಕ್ಕೆ ಯಾವ ಮಿತಿಗಳನ್ನು ಹಾಕಿಕೊಂಡಿತು ಎಂಬ ಚರಿತ್ರೆಯನ್ನು ಅವಲೋಕಿಸಬೇಕು.

ಈ ಮೂರೂ ಊರುಗಳ ಸಂಪತ್ತು ಸುಗ್ಗಿಯ ಸಂಪತ್ತು. ಬ್ಯಾಡಗಿಯು ಕಡುಗೆಂಪು ಬಣ್ಣದ, ಖಾರ ಕಡಿಮೆಯಿರುವ ಮೆಣಸಿನಕಾಯಿಗೆ ಹೆಸರಾದದ್ದು. 2011ರಲ್ಲಿ ಆ ಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ರಾಣೇಬೆನ್ನೂರು ಹತ್ತಿ, ಗೋವಿನಜೋಳ ಮತ್ತು ಬೀಜೋತ್ಪಾದನೆಯ ಕೇಂದ್ರ. ಹಾವೇರಿಯು ಏಲಕ್ಕಿ ಹಾರಕ್ಕೆ ಪ್ರಸಿದ್ಧವಾದರೂ ಅದರ ಪೇಟೆಯನ್ನು ಬೆಳೆಸಿದ್ದು ಸುತ್ತಲಿನ ಎರೆ ಮತ್ತು ಮಸಾರಿ ಹೊಲಗಳ ಬೆಳೆಗಳೇ. ರೈತನ ಕೈಗೆ ಹಣ ಬಂದಾಗ ದಲಾಲಿ ಅಂಗಡಿ, ಬೀಜ-ಗೊಬ್ಬರದ ಅಂಗಡಿ, ಬಟ್ಟೆಯ ಅಂಗಡಿ, ಲಾರಿಯವರು, ಹಮಾಲರು ಎಲ್ಲರ ಕೈಗೂ ಹಣ ಬರುತ್ತದೆ. ಬೆಳೆ ಸೋತ ವರ್ಷ ಎಲ್ಲರ ಕಿರ್ದಿ ಪುಸ್ತಕದಲ್ಲಿಯೂ ಉದ್ರಿಯೇ ತುಂಬಿರುತ್ತದೆ.

ಇಂತಹ ಆದಾಯಕ್ಕೆ ತಕ್ಕಂತೆಯೇ ಹಿಂದಿನವರ ಮನೆಗಳು ಎದ್ದವು. ಒಂದು ಸುಗ್ಗಿಗೆ ಬುನಾದಿ, ಮತ್ತೊಂದಕ್ಕೆ ಗೋಡೆ, ಮಳೆ-ಬೆಳೆ ಚೆನ್ನಾಗಿದ್ದರೆ ಮೂರನೆಯದಕ್ಕೆ ಮಾಳಿಗೆ ಎಂಬಂತೆ ಮನೆಯು ಅಂಕಣ ಅಂಕಣವಾಗಿ ಬೆಳೆಯುತ್ತಿತ್ತು. ಪಡಸಾಲೆಗೆ ಗಾರೆಯಾಗುವ ಹೊತ್ತಿಗೆ ಮಕ್ಕಳು ದೊಡ್ಡವರಾಗಿರುತ್ತಿದ್ದರು. ಆ ಪದ್ಧತಿಯಲ್ಲಿ ಕಾಯುವಿಕೆಯಿತ್ತು, ಇಕ್ಕಟ್ಟಿತ್ತು. ಅವಿಭಕ್ತ ಕುಟುಂಬದ ಸೊಸೆಯಂದಿರು ಅದರ ಭಾರವನ್ನು ಹೆಚ್ಚಾಗಿ ಹೊತ್ತರು. ಅದನ್ನು ಸುವರ್ಣಯುಗವೆಂದು ಬಣ್ಣಿಸಬೇಕಾಗಿಲ್ಲ. ಆದರೆ ಬರಗಾಲ ಬಂದರೆ ಕಟ್ಟಡ ನಿಲ್ಲುತ್ತಿತ್ತೇ ಹೊರತು ಮನೆತನ ಬೀಳುತ್ತಿರಲಿಲ್ಲ ಎಂಬುದು ಮಾತ್ರ ಗಮನಾರ್ಹ.

ಸಾಲವೇ ಇರಲಿಲ್ಲವೆಂದಲ್ಲ. ಧಾರವಾಡ ಸೀಮೆಯು 1818ರ ನಂತರ ಬ್ರಿಟಿಷರ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಕಂದಾಯವನ್ನು ನಗದಿನಲ್ಲಿ, ಗೊತ್ತಾದ ದಿನಕ್ಕೆ ತುಂಬಬೇಕಾದ ರೈತನು ಸಾಹುಕಾರನ ಬಳಿಗೆ ಹೋಗುವುದು ಅನಿವಾರ್ಯವಾಯಿತು. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಆದರೆ ಸಾಲಕ್ಕೆ ಮಿತಿ ಬೇಕೆಂಬ ತಿಳಿವಳಿಕೆ ಈ ನಾಡಿಗೆ ಹೊಸದಾಗಿರಲಿಲ್ಲ. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲಿನ ಮೊತ್ತವನ್ನು ಮೀರಬಾರದೆಂಬ ‘ದಾಮದುಪ್ಪಟ’ದ ಪ್ರಾಚೀನ ನಿಯಮವನ್ನು ಮುಂಬಯಿ ಆಧಿಪತ್ಯದ ನ್ಯಾಯಾಲಯಗಳೂ ಮಾನ್ಯ ಮಾಡಿದ್ದವು. ಸಾಲ ಕೊಡುವವನ ನ್ಯಾಯವಾದ ಹಕ್ಕಿಗೂ ಒಂದು ಎಲ್ಲೆಯಿದೆ ಎಂಬುದು ಅದರ ತಿರುಳು.

ಎರಡನೆಯ ಮಿತಿಯನ್ನು ಹಾಕಿದ್ದು ಸಹಕಾರ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಭಾರತದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಆ ಹಳ್ಳಿಗೆ ಮೊದಲ ಸಾಲಿನ ಸ್ಥಾನವಿದೆ. ಅಂದಿನ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬನು ತೀರಿಸದಿದ್ದರೆ ಉಳಿದವರು ತೀರಿಸಬೇಕು. ಆದ್ದರಿಂದ ಸಾಲ ಕೇಳುವವನು ಯಾರು, ಯಾವ ಕಾರ್ಯಕ್ಕೆ ಕೇಳುತ್ತಾನೆ, ಅವನ ಹೊಲ ಎಷ್ಟು ಕೊಟ್ಟೀತು ಎಂಬುದನ್ನು ನೆರೆಹೊರೆಯವರೇ ತೂಗಿ ನೋಡುತ್ತಿದ್ದರು. ಸಾಲಗಾರನಿಗೆ ‘ಇಷ್ಟು ಸಾಕು’ ಎಂದು ಹೇಳುವ ಅಧಿಕಾರ ಅವನ ಹಿತವನ್ನೇ ಬಯಸುವವರ ಕೈಯಲ್ಲಿತ್ತು.

ಇದೇ ಸಹಕಾರವು ಮನೆಯ ಪ್ರಶ್ನೆಗೂ ಉತ್ತರವಾಯಿತು. 1909ರಲ್ಲಿ ಬೆಂಗಳೂರಿನಲ್ಲಿ ಗೃಹನಿರ್ಮಾಣದ ಸಹಕಾರ ಸಂಘವೊಂದು ಹುಟ್ಟಿತು. ಉತ್ತರ ಕನ್ನಡದ ಕಡೆಯಿಂದ ಉದ್ಯೋಗಕ್ಕಾಗಿ ಮುಂಬಯಿಗೆ ಹೋಗಿ ಬಾಡಿಗೆಯ ಮನೆಗಳಿಗಾಗಿ ಪರದಾಡುತ್ತಿದ್ದ ಸಾರಸ್ವತ ಕುಟುಂಬಗಳು, ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ, 1915ರಲ್ಲಿ ಗಾಮದೇವಿಯಲ್ಲಿ ತಮ್ಮದೇ ಗೃಹ ಸಹಕಾರ ಸಂಘವನ್ನು ಸ್ಥಾಪಿಸಿದವು. ಕಟ್ಟಡದ ಒಡೆತನ ಸಂಘದ್ದು, ಸದಸ್ಯನು ಅಲ್ಲಿ ಬಾಡಿಗೆದಾರನೂ ಹೌದು, ಪಾಲುದಾರನೂ ಹೌದು ಎಂಬ ವ್ಯವಸ್ಥೆ ಅದು. ದೊಡ್ಡ ಶ್ರೀಮಂತರಲ್ಲದ ನೌಕರವರ್ಗದವರು ಒಬ್ಬೊಬ್ಬರೇ ಮಾಡಲಾಗದ್ದನ್ನು ಕೂಡಿ ಮಾಡಿದರು. ಒಂದು ಸಣ್ಣ ಸಮಾಜವು ತನ್ನ ಯುವ ಕುಟುಂಬಗಳ ವಸತಿಯನ್ನು ತನ್ನ ಸಾಮೂಹಿಕ ಕರ್ತವ್ಯವೆಂದು ತಿಳಿದದ್ದಕ್ಕೆ ಇದು ಉತ್ತಮ ನಿದರ್ಶನ.

ಸ್ವಾತಂತ್ರ್ಯಾನಂತರ ಗೃಹಸಾಲವು ಬೃಹತ್ ಸಂಸ್ಥೆಗಳ ಕಾರ್ಯಕ್ಷೇತ್ರವಾಯಿತು. 1970ರಲ್ಲಿ ಹುಡ್ಕೋ, 1977ರಲ್ಲಿ ಎಚ್.ಡಿ.ಎಫ್.ಸಿ., 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕು ಸ್ಥಾಪನೆಯಾದವು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿಯು ಜಿಲ್ಲೆಯಾದಾಗ ಕಚೇರಿಗಳೂ ನೌಕರರೂ ಬಂದರು; ಊರಂಚಿನ ಹೊಲಗಳು ಎನ್.ಎ. ಪ್ಲಾಟುಗಳಾದವು. ಪಿತ್ರಾರ್ಜಿತ ಮನೆಯಿಲ್ಲದ ಶಿಕ್ಷಕನಿಗೆ, ಗುಮಾಸ್ತನಿಗೆ ದೀರ್ಘಾವಧಿಯ ಸಾಲವು ನಿಜವಾದ ಉಪಕಾರವನ್ನೇ ಮಾಡಿದೆ. ಆದರೆ ನೆರೆಯವನು ತೂಗಿ ನೋಡುವ ಸಾಲ ಹೋಗಿ, ವೇತನದ ಚೀಟಿಯನ್ನು ನೋಡಿ ಕೊಡುವ ಸಾಲ ಬಂದಿತು. ‘ಎಷ್ಟು ಸಾಲ ದೊರೆಯುತ್ತದೆ’ ಎಂಬ ಪ್ರಶ್ನೆಯು ‘ಎಷ್ಟು ಸಾಲ ಸಾಕು’ ಎಂಬ ಪ್ರಶ್ನೆಯ ಸ್ಥಾನವನ್ನು ಆಕ್ರಮಿಸಿತು.

ಲೆಕ್ಕವೊಂದನ್ನು ನೋಡಬಹುದು. 20 ಲಕ್ಷ ರೂಪಾಯಿಗಳ ಸಾಲವನ್ನು 20 ವರ್ಷಗಳ ಅವಧಿಗೆ ಶೇಕಡಾ 7ರ ದರದಲ್ಲಿ ಪಡೆದರೆ ಮಾಸಿಕ ಕಂತು ಸುಮಾರು 15,506 ರೂಪಾಯಿ. ಕೊನೆಗೆ ಕಟ್ಟಿದ ಮೊತ್ತ ಸುಮಾರು 37 ಲಕ್ಷ. ದರವು ಶೇಕಡಾ 9.5 ಆದರೆ ಕಂತು ಸುಮಾರು 18,643 ರೂಪಾಯಿಗೇರುತ್ತದೆ. ಒಟ್ಟು ಮೊತ್ತ 44 ಲಕ್ಷವನ್ನು ದಾಟುತ್ತದೆ, ಬಡ್ಡಿಯೇ ಅಸಲನ್ನು ಮೀರುತ್ತದೆ. ದಾಮದುಪ್ಪಟದ ನಿಯಮವು ಇಂತಹ ಕಂತಿನ ಒಟ್ಟು ಬಡ್ಡಿಯನ್ನು ಕುರಿತದ್ದಲ್ಲವಾದರೂ, ಅಂದಿನವರು ಯಾವ ಎಲ್ಲೆಯನ್ನು ಕಂಡು ಬೆಚ್ಚಿದ್ದರೋ ಅದನ್ನು ಇಂದಿನ ಕುಟುಂಬವು ಅರಿಯದೆಯೇ ದಾಟುತ್ತದೆ.

ಈ ದರಗಳ ಏರಿಳಿತ ಕಲ್ಪನೆಯಲ್ಲ. 2020ರ ಮೇ ತಿಂಗಳಲ್ಲಿ ಶೇಕಡಾ 4ಕ್ಕೆ ಇಳಿದಿದ್ದ ರಿಸರ್ವ್ ಬ್ಯಾಂಕಿನ ರೆಪೊ ದರವು 2022ರ ಮೇ ತಿಂಗಳಿನಿಂದ ಏರತೊಡಗಿ 2023ರ ಫೆಬ್ರವರಿಯಲ್ಲಿ ಶೇಕಡಾ 6.5 ಆಯಿತು. ಒಂದು ವರ್ಷ ತುಂಬುವುದರೊಳಗೆ ಎರಡೂವರೆ ಅಂಶಗಳ ಏರಿಕೆ! ಶೇಕಡಾ 7ರ ದರದಲ್ಲಿ 20 ಲಕ್ಷ ಪಡೆದು ಆಗಷ್ಟೇ ಕಂತು ಆರಂಭಿಸಿದವನ ಸಾಲಕ್ಕೆ ಶೇಕಡಾ 9.5ರ ದರದಲ್ಲಿ ತಿಂಗಳ ಬಡ್ಡಿಯೇ 15,800 ರೂಪಾಯಿಗಳಷ್ಟಾಗುತ್ತದೆ. ಎಂದರೆ ಅವನ ಹಳೆಯ ಕಂತು ಹೊಸ ಬಡ್ಡಿಗೇ ಸಾಲದು. ಅಸಲು ಒಂದು ರೂಪಾಯಿಯೂ ಕರಗದು. 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು, ದರ ಬದಲಾದಾಗ ಅದರ ಪರಿಣಾಮವನ್ನು ಸಾಲಗಾರನಿಗೆ ತಿಳಿಸಬೇಕೆಂದೂ ಕಂತು ಹೆಚ್ಚಿಸುವ ಇಲ್ಲವೆ ಅವಧಿ ವಿಸ್ತರಿಸುವ ಆಯ್ಕೆಯನ್ನು ಅವನಿಗೆ ಕೊಡಬೇಕೆಂದೂ ಬ್ಯಾಂಕುಗಳಿಗೆ ಸೂಚಿಸಿತು. 2025ರಲ್ಲಿ ದರಗಳು ಮತ್ತೆ ಇಳಿದವು. ಇಪ್ಪತ್ತು ವರ್ಷಗಳ ಸಾಲವೆಂದರೆ ಇಂತಹ ಹಲವು ಏರಿಳಿತಗಳನ್ನು ತಡೆಯಬೇಕಾದ ಒಪ್ಪಂದ.

ಇದಲ್ಲದೆ, ಮನೆಯ ಪೂರ್ಣ ಬೆಲೆಯನ್ನು ಬ್ಯಾಂಕು ಕೊಡುವುದಿಲ್ಲ. 30 ಲಕ್ಷದವರೆಗಿನ ಸಾಲವು ಬೆಲೆಯ ಶೇಕಡಾ 90ನ್ನು ಮೀರುವಂತಿಲ್ಲ. ಅದಕ್ಕಿಂತ ದೊಡ್ಡ ಸಾಲಗಳಿಗೆ ಈ ಪ್ರಮಾಣ ಇನ್ನೂ ಕಡಿಮೆ. ಮುದ್ರಾಂಕ ಶುಲ್ಕ, ನೋಂದಣಿ ವೆಚ್ಚ ಬೇರೆ; ಕರ್ನಾಟಕದಲ್ಲಿ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಈ ಮೊದಲ ಹಣವನ್ನು ಹೊಂದಿಸಲು ಹೆಂಡತಿಯ ಒಡವೆಯನ್ನು ಅಡವಿಡುವುದು, ಬಂಧುಗಳಿಂದ ಕೈಗಡ ತರುವುದು ಸಾಮಾನ್ಯ. ಹೀಗೆ ಮನೆಯ ಸಾಲವು ಆರಂಭವಾಗುವ ಮುನ್ನವೇ ಕಾಗದದಲ್ಲಿ ಕಾಣದ ಎರಡನೆಯ ಸಾಲವೊಂದು ಹುಟ್ಟಿರುತ್ತದೆ.

ಹಾವೇರಿ ಸೀಮೆಯ ವಿಶೇಷ ಸಂಕಟ ಇಲ್ಲಿಯೇ ಇದೆ: ಆದಾಯ ಸುಗ್ಗಿಯದು, ಕಂತು ತಿಂಗಳಿನದು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದಾಗ ರೊಚ್ಚಿಗೆದ್ದ ಬೆಳೆಗಾರರು ಎ.ಪಿ.ಎಂ.ಸಿ. ಕಚೇರಿಯ ಮೇಲೆ ಮುಗಿಬಿದ್ದು ವಾಹನಗಳಿಗೆ ಬೆಂಕಿ ಹಚ್ಚಿದ ಘಟನೆಯು ರಾಜ್ಯವನ್ನೇ ಬೆಚ್ಚಿಬೀಳಿಸಿತು. ಹಿಂಸೆಯು ಎಂದಿಗೂ ಸಮರ್ಥನೀಯವಲ್ಲ. ಆದರೆ ಒಂದು ದಿನದ ದರವು ಎಷ್ಟು ಮನೆಗಳ ವರ್ಷದ ಲೆಕ್ಕವನ್ನು ಹೊತ್ತಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ರೈತನಿಗೆ ದರ ಸಿಗದಿದ್ದರೆ ಅಂಗಡಿಕಾರನ ಉದ್ರಿ ವಸೂಲಾಗದು, ಅಂಗಡಿಯ ಗುಮಾಸ್ತನ ವೇತನ ತಡವಾಗುವುದು. ಬ್ಯಾಂಕಿನ ಕಂತಿನ ತಾರೀಖು ಮಾತ್ರ ತಪ್ಪದೆ ಬರುತ್ತದೆ.

ಈ ಹಿನ್ನೆಲೆಯಲ್ಲಿ ಶ್ರಾವಕಾಚಾರದ ಪರಿಗ್ರಹ ಪರಿಮಾಣ ಅಣುವ್ರತವನ್ನು ಹೊಸದಾಗಿ ನೋಡಬೇಕಾಗಿದೆ. ಗೃಹಸ್ಥನು ಎಲ್ಲವನ್ನೂ ತ್ಯಜಿಸಬೇಕೆಂದು ಈ ವ್ರತವು ಹೇಳುವುದಿಲ್ಲ. ಮೊದಲೇ ಒಂದು ಪ್ರಮಾಣವನ್ನು ನಿಶ್ಚಯಿಸಿಕೊಂಡು ಅದನ್ನು ಮೀರಬಾರದೆಂದು ಹೇಳುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಬರುವುದೇ ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಎಣಿಸುವ ಅತಿಚಾರಗಳಲ್ಲಿ ಅತಿಭಾರವಹನವೂ ಒಂದು. ಲೋಭದಿಂದ ಎತ್ತಿನ ಬೆನ್ನಿಗೆ ಮಿತಿಮೀರಿದ ಹೊರೆ ಹೇರುವುದು ಅದರ ಅರ್ಥ. ಇಂದಿನ ಗೃಹಸ್ಥನು ಆ ಹೊರೆಯನ್ನು ತನ್ನ ಬೆನ್ನಿಗೂ ತನ್ನ ಮಡದಿಯ ಬೆನ್ನಿಗೂ ಹೇರಿಕೊಳ್ಳುತ್ತಿದ್ದಾನೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಸದ್ಗೃಹಸ್ಥನ ಗುಣಗಳನ್ನು ಹೇಳುವಾಗ ನ್ಯಾಯಾರ್ಜಿತ ಸಂಪತ್ತು, ಆದಾಯಕ್ಕೆ ತಕ್ಕ ವೆಚ್ಚ, ಒಳ್ಳೆಯ ನೆರೆಹೊರೆಯಲ್ಲಿ ತಕ್ಕ ಮನೆ, ಆಶ್ರಿತರ ಪೋಷಣೆ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಇರಿಸಿದ್ದಾರೆ. ಮನೆಯು ಅಧರ್ಮವಲ್ಲ; ಆಶ್ರಿತರ ಪೋಷಣೆಯನ್ನೇ ಕುಂದಿಸುವ ಮನೆ ಮಾತ್ರ ಪ್ರಮಾಣ ಮೀರಿದ್ದು.

ಪ್ರಮಾಣವನ್ನು ನಿಶ್ಚಯಿಸುವುದು ಸಾಲಪತ್ರಕ್ಕೆ ರುಜು ಹಾಕುವ ಮುನ್ನ ಆಗಬೇಕಾದ ಕಾರ್ಯ. ಒಳ್ಳೆಯ ವರ್ಷದ ಆದಾಯವನ್ನಲ್ಲ, ಕೆಟ್ಟ ವರ್ಷದ ಆದಾಯವನ್ನು ಆಧಾರವಾಗಿಟ್ಟು ಕಂತನ್ನು ಲೆಕ್ಕಹಾಕುವುದು, ದರವು ಎರಡೂವರೆ ಅಂಶ ಏರಿದರೂ ಮನೆ ನಡೆದೀತೇ ಎಂದು ನೋಡುವುದು, ಆರು ತಿಂಗಳ ಕಂತನ್ನು ಮುಟ್ಟದ ಗಂಟಾಗಿ ಮೊದಲೇ ಕೂಡಿಡುವುದು, ಉತಾರ, ಎನ್.ಎ. ಆದೇಶ, ಬಡಾವಣೆಯ ಮಂಜೂರಾತಿಗಳನ್ನು ತಜ್ಞರಿಂದ ಪರೀಕ್ಷಿಸಿದ ನಂತರವೇ ಮುಂಗಡ ಕೊಡುವುದು. ಸುಗ್ಗಿಯಲ್ಲಿ ಹೆಚ್ಚುವರಿ ಹಣ ಬಂದಾಗ ಅದನ್ನು ಅಸಲಿಗೆ ಕಟ್ಟುವುದು. ಇವು ಕಠಿಣ ತಪಸ್ಸಲ್ಲ, ವಿವೇಕ. ಅಲ್ಲಿಯವರೆಗೆ ಬಾಡಿಗೆಯ ಮನೆಯಲ್ಲಿರುವುದು ಅವಮಾನವೂ ಅಲ್ಲ. ವರ ಅಥವಾ ವಧುವನ್ನು ನೋಡಲು ಬರುವ ಹಿರಿಯರು ‘ಸ್ವಂತ ಮನೆ ಇದೆಯೇ’ ಎಂದು ಕೇಳುವ ಬದಲು ‘ಸಾಲವೆಷ್ಟಿದೆ’ ಎಂದು ಕೇಳುವಂತಾದರೆ ಅರ್ಧ ಒತ್ತಡ ತಾನಾಗಿಯೇ ಇಳಿದೀತು.

ಬಸದಿ ಮತ್ತು ಮಂದಿರಗಳ ಟ್ರಸ್ಟುಗಳಿಗೂ ಇಲ್ಲಿ ಹೊಣೆಯಿದೆ. ದೇವದ್ರವ್ಯವನ್ನು ಗೃಹಸ್ಥರ ಖರ್ಚಿಗೆ ಬಳಸುವುದು ಸಂಪ್ರದಾಯಕ್ಕೆ ಸಮ್ಮತವಲ್ಲ. ಟ್ರಸ್ಟಿನ ಹಣವನ್ನು ಸಾಲ ಕೊಡುವುದಕ್ಕೆ ಕಾನೂನಿನ ನಿರ್ಬಂಧಗಳೂ ಇವೆ. ಆದರೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ವಾತ್ಸಲ್ಯವೂ ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವ ಸ್ಥಿತಿಕರಣವೂ ಸೇರಿವೆ. ಸ್ಥಿತಿಕರಣವು ಧರ್ಮಮಾರ್ಗದಿಂದ ಜಾರುವವನನ್ನು ಕುರಿತ ಮಾತು. ಸಾಲದ ಭಾರಕ್ಕೆ ಬಾಗಿದವನ ಸತ್ಯ, ಅಚೌರ್ಯ ವ್ರತಗಳು ಸಡಿಲವಾಗುವ ಅಪಾಯವಿರುವುದರಿಂದ ಅದು ಇಲ್ಲಿಗೂ ಅನ್ವಯಿಸುತ್ತದೆ. ಮಂಗಲ ಕಾರ್ಯಾಲಯವನ್ನು ಅಲ್ಪ ದರದಲ್ಲಿ ಒದಗಿಸಿ ಸರಳ ವಿವಾಹಕ್ಕೆ ಇಂಬು ಕೊಡುವುದು, ದೊಡ್ಡ ಮೊತ್ತದ ಸವಾಲು ಕೂಗುವವರಿಗೆ ಸಲ್ಲುವ ಗೌರವವನ್ನೇ ಸಾಲವಿಲ್ಲದೆ ಸರಳವಾಗಿ ಬಾಳುವ ಕುಟುಂಬಕ್ಕೂ ಸಲ್ಲಿಸುವುದು, ಲೆಕ್ಕಪರಿಶೋಧಕರು ಹಾಗೂ ವಕೀಲರಿಂದ ಯುವ ದಂಪತಿಗಳಿಗೆ ಗುಟ್ಟು ಕಾಯುವ ಸಲಹೆಯನ್ನು ಒದಗಿಸುವುದು, ಸಮಾಜದ ಪ್ರಾಮಾಣಿಕ ಸಹಕಾರ ಸಂಘಗಳನ್ನು ಬಲಪಡಿಸುವುದು ಇವು ಕಾನೂನಿಗೂ ಶಾಸ್ತ್ರಕ್ಕೂ ಒಪ್ಪುವ ಮಾರ್ಗಗಳು. ಕಣಗಿನಹಾಳದ ರೈತರಿಗೂ ಗಾಮದೇವಿಯ ನೌಕರರಿಗೂ ದೊಡ್ಡ ಬಂಡವಾಳವಿರಲಿಲ್ಲ. ಒಬ್ಬರ ಹೊಣೆಯನ್ನು ಮತ್ತೊಬ್ಬರು ಹೊರುವ ಮನಸ್ಸಿತ್ತು.

ದೀಪಾವಳಿಯು ವರ್ತಕರಿಗೆ ಹೊಸ ಕಿರ್ದಿಯನ್ನು ತೆರೆಯುವ ದಿನ. ಜೈನರಿಗೆ ಭಗವಾನ್ ಮಹಾವೀರರ ನಿರ್ವಾಣದ ದಿನವೂ ಹೌದು. ಆ ದಿನ ಅಂಗಡಿಯ ಲೆಕ್ಕದ ಜೊತೆಗೆ ಮನೆಯ ಸಾಲದ ಲೆಕ್ಕವನ್ನೂ ದಂಪತಿಗಳಿಬ್ಬರೂ ಕುಳಿತು ಬರೆದು, ಮುಂದಿನ ವರ್ಷಕ್ಕೆ ಇದಕ್ಕಿಂತ ಹೆಚ್ಚಿಲ್ಲವೆಂಬ ಪ್ರಮಾಣವನ್ನು ಸ್ವೀಕರಿಸಿದರೆ ಪರಿಗ್ರಹ ಪರಿಮಾಣವು ಗ್ರಂಥದ ಪುಟದಿಂದ ಇಳಿದು ಮನೆಯ ಹೊಸ್ತಿಲೊಳಗೆ ಬಂದಂತಾಗುತ್ತದೆ.