ಬೊಂಡ, ಉಪ್ಪು, ಟೆನ್ಷನ್: ಹೃದಯದ ಬಡಿತಕ್ಕೂ ಇವಕ್ಕೂ ಏನು ಸಂಬಂಧ?

ಏಪ್ರಿಲ್, ಮೇ ಬಂತೆಂದರೆ ಬಿ.ಸಿ.ರೋಡಿನಿಂದ ಚಾರ್ಮಾಡಿ ತನಕ, ಇತ್ತ ಮೂಡುಬಿದಿರೆ ಪೇಟೆಯವರೆಗೂ ರಸ್ತೆ ಬದಿಯಲ್ಲಿ ಬೊಂಡದ ರಾಶಿ. ಬೆವರು ಸುರಿಸಿ ಬಂದವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂಬುದು ನಮ್ಮೂರಿನ ಮಾತು. ಮಾತು ಸುಳ್ಳಲ್ಲ. ಆದರೆ ಕಿಡ್ನಿ ದುರ್ಬಲವಾಗಿರುವವರಿಗೆ, ಅದರ ಜೊತೆಗೆ ಕೆಲವು ಬಗೆಯ ಬಿಪಿ ಮಾತ್ರೆಯನ್ನೂ ನುಂಗುವವರಿಗೆ, ಅದೇ ಬೊಂಡ ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು. ಯಾಕೆಂದರೆ ಹೃದಯ ಬಡಿಯುವುದೇ ಖನಿಜಗಳ ಬಲದಿಂದ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಇದರ ಮೇಲೆ ಟೆನ್ಷನ್ ಬೇರೆ ಸೇರಿಕೊಂಡರೆ ಏನಾಗುತ್ತದೆ? ಇಲ್ಲಿದೆ ಮಾಹಿತಿ.

ಹೃದಯಕ್ಕೆ ಕರೆಂಟು ಎಲ್ಲಿಂದ?

ಆರೋಗ್ಯವಂತ ದೊಡ್ಡವರ ಹೃದಯ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು ಒಂದು ಲಕ್ಷ ಬಡಿತ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಮೈಯೆಲ್ಲಾ ಸುತ್ತಿಸುತ್ತದೆ. ಇದಕ್ಕೆ ಬೇಕಾದ ವಿದ್ಯುತ್ ಹೃದಯದ ಬಲಭಾಗದ ಮೇಲಿನ ಕೋಣೆಯಲ್ಲಿರುವ ಸಣ್ಣದೊಂದು ಜೀವಕೋಶಗಳ ಗುಂಪಿನಲ್ಲಿ ಹುಟ್ಟುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಜೀವಕೋಶದ ಒಳಗೆ ಹೊರಗೆ ಓಡಾಡುವುದರಿಂದಲೇ ಈ ವಿದ್ಯುತ್ ಉಂಟಾಗುವುದು. ಇಸಿಜಿ ಕಾಗದದಲ್ಲಿ ಗೆರೆಯಾಗಿ ಕಾಣುವುದೂ ಇದೇ.

ಈ ವಿಷಯ ಗೊತ್ತಾದ ಕಥೆ ಸ್ವಾರಸ್ಯಕರವಾಗಿದೆ. 1880ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪು ನೀರಿನಲ್ಲಿ ಅದು ಬಡಿಯುತ್ತಿರುವುದನ್ನು ಪರೀಕ್ಷಿಸುತ್ತಿದ್ದರು. ದ್ರಾವಣವನ್ನು ಶುದ್ಧ ಬಟ್ಟಿ ಇಳಿಸಿದ ನೀರಿನಲ್ಲಿ ತಯಾರಿಸಲಾಗಿದೆ ಎಂದು ಅವರು ನಂಬಿದ್ದರು. ನಿಜಕ್ಕೂ ಅದು ಊರಿನ ನಲ್ಲಿ ನೀರಾಗಿತ್ತು. ಶುದ್ಧ ನೀರು ಬಳಸಿ ನೋಡಿದಾಗ ಹೃದಯ ಬೇಗನೆ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಸೇರಿಸಿದರೆ ಮತ್ತೆ ಬಡಿಯಿತು. 1883ರಲ್ಲಿ ಅವರು ಈ ತಿದ್ದುಪಡಿಯನ್ನು ಪ್ರಕಟಿಸಿದರು. ಇವತ್ತು ಆಸ್ಪತ್ರೆಯಲ್ಲಿ ನಾವು 'ಗ್ಲುಕೋಸ್ ಹಾಕಿಸಿದ್ದು' ಎಂದು ಹೇಳುವ ಬಾಟಲಿಗಳಲ್ಲಿ ಎಷ್ಟೋ ಸಲ ಇರುವುದು 'ರಿಂಗರ್ ಲ್ಯಾಕ್ಟೇಟ್'. ಆ ಹೆಸರು ಇವರದ್ದೇ.

ನಾಲ್ಕು ಖನಿಜ, ನಾಲ್ಕು ಕೆಲಸ

ಸೋಡಿಯಂ: ಅಡುಗೆ ಉಪ್ಪಿನಲ್ಲಿರುವುದು ಇದೇ. ವಿದ್ಯುತ್ ಸಂಕೇತಕ್ಕೆ ಮೊದಲ ತಳ್ಳು ಕೊಡುತ್ತದೆ. ಹೆಚ್ಚಾದರೆ ಮೈಯಲ್ಲಿ ನೀರು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಏರುತ್ತದೆ, ಬಿಪಿಯೂ ಏರುತ್ತದೆ.

ಪೊಟ್ಯಾಸಿಯಂ: ಪ್ರತಿ ಬಡಿತದ ನಂತರ ಹೃದಯವನ್ನು ಮತ್ತೆ ಸಿದ್ಧ ಸ್ಥಿತಿಗೆ ತರುತ್ತದೆ. ದೇಹದ ಪೊಟ್ಯಾಸಿಯಂನಲ್ಲಿ ಶೇ. 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಇರುವುದು ತೀರಾ ಸ್ವಲ್ಪ, ಲ್ಯಾಬ್ ರಿಪೋರ್ಟಿನಲ್ಲಿ 3.5ರಿಂದ 5ರ ಆಸುಪಾಸು. ಇದು ತುಂಬಾ ಇಳಿದರೆ ಬಡಿತ ತಪ್ಪುತ್ತದೆ, ಕೈಕಾಲು ಬಲ ಕಳೆದುಕೊಳ್ಳುತ್ತದೆ. ತುಂಬಾ ಏರಿದರೆ ಬಡಿತ ನಿಧಾನವಾಗಿ ಹೃದಯ ನಿಂತೇಹೋಗಬಹುದು.

ಕ್ಯಾಲ್ಸಿಯಂ: ಹೃದಯದ ಸ್ನಾಯು ಹಿಂಡಿಕೊಳ್ಳುವುದು ಇದರಿಂದ. ರಕ್ತನಾಳದ ಗೋಡೆ ಬಿಗಿಯಾಗುವುದೂ ಇದರಿಂದಲೇ. ನಮ್ಮಲ್ಲಿ ಎಷ್ಟೋ ಮಂದಿ ತೆಗೆದುಕೊಳ್ಳುವ ಅಮ್ಲೋಡಿಪಿನ್ ಮಾತ್ರೆ, ರಕ್ತನಾಳದ ಗೋಡೆಯೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಡೆದು ನಾಳವನ್ನು ಸಡಿಲ ಮಾಡುತ್ತದೆ.

ಮೆಗ್ನೀಸಿಯಂ: ಉಳಿದವು ಮಿತಿ ಮೀರದಂತೆ ನೋಡಿಕೊಳ್ಳುವ ಕಾವಲುಗಾರ. ಇದು ಕಡಿಮೆಯಾದರೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ, ಮೂತ್ರದಲ್ಲಿ ಹೋಗುತ್ತದೆ.

ಟೆನ್ಷನ್ ಬಂದಾಗ ಒಳಗೆ ಏನಾಗುತ್ತದೆ?

ಸಾಲದ ಕಂತು, ಬಾಕಿ ಕೊಡದ ಗಿರಾಕಿ, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ, ಮಕ್ಕಳ ಫೀಸು. ಕಾರಣ ಯಾವುದೇ ಇರಲಿ, ದೇಹಕ್ಕೆ ಗೊತ್ತಿರುವ ಉತ್ತರ ಒಂದೇ. ಕಿಡ್ನಿಗಳ ಮೇಲೆ ಟೊಪ್ಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಬಡಿತದ ವೇಗ, ಹೊಡೆತದ ಬಲ ಎರಡೂ ಏರುತ್ತವೆ. ಚರ್ಮ, ಹೊಟ್ಟೆಯ ಕಡೆಗೆ ಹೋಗುವ ರಕ್ತನಾಳಗಳು ಬಿಗಿಯುತ್ತವೆ, ಮಾಂಸಖಂಡಗಳ ಕಡೆಗೆ ರಕ್ತ ಹೆಚ್ಚು ಹರಿಯುತ್ತದೆ. ಹೆದರಿದಾಗ ಕೈ ತಣ್ಣಗಾಗುವುದು, ಹೊಟ್ಟೆ ತೊಳಸುವುದು ಇದಕ್ಕೇ.

ಹಾವು ಕಂಡಾಗ ಓಡಲು ಇದು ಬೇಕು. ಆದರೆ ಗಲ್ಲಾಪೆಟ್ಟಿಗೆ ಮುಂದೆ ಕೂತವರು ಎಲ್ಲಿಗೆ ಓಡುವುದು? ಒತ್ತಡ ದಿನಗಟ್ಟಲೆ ಮುಂದುವರಿದರೆ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ಮೇಲುಗೈ ಪಡೆಯುತ್ತದೆ. ರಕ್ತದ ಸಕ್ಕರೆಯನ್ನೂ ಬಿಪಿಯನ್ನೂ ಏರಿಸುತ್ತದೆ. ಇದು ಮಾಮೂಲಿಯಾಗಿಯೂ ಬೆಳಗ್ಗಿನ ಹೊತ್ತು ಹೆಚ್ಚಿರುತ್ತದೆ. ಹೃದಯಾಘಾತಗಳು ಬೆಳಗ್ಗೆ ಹೆಚ್ಚು ಕಾಣಿಸಿಕೊಳ್ಳಲು ಇರುವ ಕಾರಣಗಳಲ್ಲಿ ಇದೂ ಒಂದು.

ಎರಡೂ ಒಂದಾದಾಗ

ಹಾರ್ಮೋನು ಬೇರೆ, ಖನಿಜ ಬೇರೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಹಾರ್ಮೋನು ಹೃದಯವನ್ನು ಓಡಿಸುವುದು ಖನಿಜಗಳ ಮೂಲಕವೇ. ಅಡ್ರಿನಲಿನ್ ಬಂದಾಗ ಹೃದಯದ ಜೀವಕೋಶದೊಳಗೆ ಹೆಚ್ಚು ಕ್ಯಾಲ್ಸಿಯಂ ನುಗ್ಗುತ್ತದೆ, ಅದಕ್ಕೇ ಹೊಡೆತ ಜೋರು. ಅದೇ ಹೊತ್ತಿಗೆ ರಕ್ತದಲ್ಲಿರುವ ಪೊಟ್ಯಾಸಿಯಂ ಜೀವಕೋಶಗಳ ಒಳಗೆ ಸರಿಯುತ್ತದೆ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಕಾರ್ಟಿಸೋಲ್ ತುಂಬಾ ಹೆಚ್ಚಾದರೆ ಸೋಡಿಯಂ ಉಳಿಸಿಕೊಂಡು ಪೊಟ್ಯಾಸಿಯಂ ಹೊರಹಾಕುತ್ತದೆ.

ಈಗ ಒಬ್ಬರನ್ನು ಊಹಿಸಿ. ಎರಡು ದಿನದಿಂದ ವಾಂತಿಭೇದಿ. ಮೂತ್ರ ಹೆಚ್ಚು ಮಾಡಿಸುವ ಬಿಪಿ ಮಾತ್ರೆ ಬೇರೆ. ಪೊಟ್ಯಾಸಿಯಂ ಮೊದಲೇ ಕಡಿಮೆ. ಆ ಹೊತ್ತಿನಲ್ಲಿ ದೊಡ್ಡದೊಂದು ಜಗಳವೋ ಆಘಾತದ ಸುದ್ದಿಯೋ ಬಂದರೆ ಬಡಿತ ಹಳಿ ತಪ್ಪುವ ಸಾಧ್ಯತೆ ಹೆಚ್ಚು. ಆರೋಗ್ಯವಂತರು ಇದನ್ನು ತಡೆದುಕೊಳ್ಳುತ್ತಾರೆ, ಹೃದಯ ಮೊದಲೇ ದುರ್ಬಲವಾಗಿದ್ದವರಿಗೆ ಕಷ್ಟ.

ತೀವ್ರ ದುಃಖ, ಭಯದಿಂದಲೇ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋಲುವ 'ಟಾಕೋಟ್ಸುಬೊ' ಎಂಬ ಸ್ಥಿತಿಯನ್ನು ಜಪಾನಿನ ವೈದ್ಯರು 1990ರಲ್ಲಿ ವಿವರಿಸಿದರು. ಮುಟ್ಟು ನಿಂತ ಮಹಿಳೆಯರಲ್ಲಿ ಹೆಚ್ಚು. ಲಕ್ಷಣ ಹೃದಯಾಘಾತದಂತೆಯೇ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ನಮ್ಮ ಬಟ್ಟಲಲ್ಲಿ ಏನಿದೆ?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು: ದೊಡ್ಡವರಿಗೆ ದಿನಕ್ಕೆ ಒಟ್ಟು ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಪೊಟ್ಯಾಸಿಯಂ ಕನಿಷ್ಠ 3.5 ಗ್ರಾಂ. ನಮ್ಮಲ್ಲಿ ಆಗುವುದು ಉಲ್ಟಾ. ಕುಚ್ಚಲಕ್ಕಿ ಗಂಜಿಯಲ್ಲಿ ತಪ್ಪೇನಿಲ್ಲ. ಅದರ ಜೊತೆ ಬರುವ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಸಂಜೆಯ ಬೇಕರಿ ತಿಂಡಿ ಸೇರಿದರೆ 5 ಗ್ರಾಂ ದಾಟುವುದು ಗೊತ್ತೇ ಆಗುವುದಿಲ್ಲ. ಉಪ್ಪಿನ ಸೊಳೆ, ಒಣಮೀನನ್ನು ಚೆನ್ನಾಗಿ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಬಳಸಿ. ಸೈಂಧವ ಉಪ್ಪಾದರೆ ತೊಂದರೆ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಅದರಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಪೊಟ್ಯಾಸಿಯಂ, ಮೆಗ್ನೀಸಿಯಂಗೆ ದುಬಾರಿ ಪುಡಿ, ಮಾತ್ರೆ ಬೇಕಿಲ್ಲ. ಹರಿವೆ, ಬಸಳೆ, ಬಾಳೆಹಣ್ಣು, ಹುರುಳಿ, ಹೆಸರುಕಾಳು ಸಾಕು. ಕ್ಯಾಲ್ಸಿಯಂಗೆ ರಾಗಿ, ಮಜ್ಜಿಗೆ, ಮುಳ್ಳು ಸಹಿತ ತಿನ್ನುವ ಸಣ್ಣ ಮೀನು. ಬೊಂಡದ 100 ಮಿ.ಲೀ. ನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ. ಹಾಗಾಗಿ ತುಂಬಾ ಬೆವರಿ ಸುಸ್ತಾದಾಗ, ಭೇದಿಯಾದಾಗ ಒಆರ್‌ಎಸ್ ಒಳ್ಳೆಯದು. ದೊಡ್ಡ ಪ್ಯಾಕೆಟ್ಟಿಗೆ ಸರಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರು. ನೀರು ಕಡಿಮೆ ಹಾಕಬೇಡಿ.

ಇವರು ಡಾಕ್ಟರಲ್ಲಿ ಕೇಳದೆ ಮುಂದುವರಿಯಬೇಡಿ

ಕಿಡ್ನಿ ತೊಂದರೆ ಇರುವವರು, ಹಲವು ವರ್ಷದ ಸಕ್ಕರೆ ಕಾಯಿಲೆಯವರು, ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಗಮನಿಸಿ. ಈ ಔಷಧಗಳು ಪೊಟ್ಯಾಸಿಯಂ ಉಳಿಸಿಕೊಳ್ಳುತ್ತವೆ. ಮಾತ್ರೆ ನಿಲ್ಲಿಸಬೇಕೆಂದಲ್ಲ, ಖಂಡಿತ ನಿಲ್ಲಿಸಬೇಡಿ. ಕಿಡ್ನಿ ಚೆನ್ನಾಗಿದ್ದರೆ ಆಗೊಮ್ಮೆ ಈಗೊಮ್ಮೆ ಒಂದು ಬೊಂಡಕ್ಕೆ ಹೆದರಬೇಕಾಗಿಯೂ ಇಲ್ಲ. ದಿನಾ ಎರಡು ಮೂರು ಬೊಂಡ, ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ' ಉಪ್ಪು ಶುರು ಮಾಡುವ ಮುಂಚೆ ಕೇಳಿ. ಆ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಹಾಕಿರುವುದು ಪೊಟ್ಯಾಸಿಯಂ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪಿನ ಬಗ್ಗೆ ಸಲಹೆ ಹೊರಡಿಸಿದಾಗಲೂ ಕಿಡ್ನಿ ತೊಂದರೆಯವರು, ಗರ್ಭಿಣಿಯರು, ಮಕ್ಕಳನ್ನು ಹೊರಗಿಟ್ಟಿತ್ತು. ದಿನಸಿ ಅಂಗಡಿಯವರೂ ಗಿರಾಕಿಗೆ ಇದನ್ನು ಒಂದು ಮಾತು ಹೇಳಿದರೆ ಉಪಕಾರ.

ಮೂತ್ರ ಹೆಚ್ಚಿಸುವ ಮಾತ್ರೆಗಳಾದ ಹೈಡ್ರೊಕ್ಲೋರೊಥಯಾಜೈಡ್, ಫ್ಯೂರೊಸೆಮೈಡ್ ಇದಕ್ಕೆ ವಿರುದ್ಧ, ಪೊಟ್ಯಾಸಿಯಂ ಇಳಿಸುತ್ತವೆ. ಎರಡೂ ಗುಂಪಿನವರು ರಕ್ತದಲ್ಲಿ ಎಲೆಕ್ಟ್ರೊಲೈಟ್ಸ್, ಕ್ರಿಯೇಟಿನಿನ್ ಪರೀಕ್ಷೆಯನ್ನು ಎಷ್ಟು ಸಮಯಕ್ಕೊಮ್ಮೆ ಮಾಡಿಸಬೇಕೆಂದು ಕೇಳಿ ತಿಳಿದುಕೊಳ್ಳಿ.

ಟೆನ್ಷನ್‌ಗೆ ಅಂಗಡಿಯಲ್ಲಿ ಮದ್ದು ಸಿಗದು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ, ಸಾಕಷ್ಟು ನಿದ್ದೆ, ದಿನಕ್ಕೆ ಐದು ನಿಮಿಷ ನಿಧಾನವಾದ ಉಸಿರಾಟ ಬಡಿತವನ್ನು ಇಳಿಸಲು ನೆರವಾಗುತ್ತವೆ. 'ಟೆನ್ಷನ್ ಕಳೆಯಲು' ಎಳೆಯುವ ಬೀಡಿ, ಸಿಗರೇಟು ಮಾಡುವುದು ಉಲ್ಟಾ ಕೆಲಸ. ನಿಕೋಟಿನ್ ಇನ್ನಷ್ಟು ಅಡ್ರಿನಲಿನ್ ಬಿಡಿಸುತ್ತದೆ.

'ಗ್ಯಾಸ್' ಎಂದು ಕೂರಬೇಡಿ

ಎದೆ ಮಧ್ಯೆ ಭಾರ, ಉರಿ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು, ಬಡಿತ ತಪ್ಪಿ ತಲೆ ತಿರುಗುವುದು. ಇಂಥದ್ದು ಕಂಡರೆ ಜೀರಿಗೆ ಸೋಡಾ ಕುಡಿದು ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ, ಮಹಿಳೆಯರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ ಕಾಣಿಸಬಹುದು. 108ಕ್ಕೆ ಕರೆ ಮಾಡಿ, ನೀವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಚಾರ್ಮಾಡಿ ಕಡೆಯಿಂದ ಮಂಗಳೂರಿಗೆ 70 ಕಿ.ಮೀ.ಗೂ ಮೇಲೆ. ಅಲ್ಲಿಯವರೆಗೆ ಕಾಯುವ ಬದಲು ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಬಳಿಕ, ರಾಜ್ಯ ಸರಕಾರ ಅವರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ಇದರಡಿ ಸರಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡಲಾಗುತ್ತದೆ. ಈ ಇಂಜೆಕ್ಷನ್ ಮೊದಲ ಗಂಟೆಗಳಲ್ಲಿ ಸಿಕ್ಕಿದಷ್ಟು ಲಾಭ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ಆರಾಮಾಗಿರುವಾಗಲೇ ವಿಚಾರಿಸಿ, ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ನುಂಗುವ ಮಾತ್ರೆಗಳ ಹೆಸರು ಬರೆದ ಒಂದು ಚೀಟಿ ಕಿಸೆಯಲ್ಲಿರಲಿ. ಅವಸರದ ಹೊತ್ತಿಗೆ ಡಾಕ್ಟರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.